ಹಿಮದಲ್ಲಿ ರಿಯರ್ ವೀಲ್ ಡ್ರೈವ್: ಮೊದಲು ಟೈರಿನ ಬಗ್ಗೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟದಲ್ಲಿ ಚಳಿಗಾಲದ ಡ್ರೈವಿಂಗ್ ಬಗ್ಗೆ ಬಂದ ಲೇಖನ ಓದಿದೆ. ರಿಯರ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುವ) ಸ್ಪೋರ್ಟ್ಸ್ ಕಾರನ್ನು ಹಿಮ ಬೀಳುವ ತಿಂಗಳುಗಳಲ್ಲಿ ಹೊರಗೆ ತೆಗೆಯಲೇಬಾರದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್ ಇದ್ದರೆ ಚಿಂತೆಯಿಲ್ಲ ಎಂದು ಅದರಲ್ಲಿತ್ತು. ಮೊದಲ ಮಾತು ಅರ್ಧ ಸರಿ. ಎರಡನೆಯದನ್ನು ನಂಬಿ ಯಾರಾದರೂ ರಸ್ತೆಗಿಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಈ ಪತ್ರ.

ನನ್ನದು ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ಮ್ಯಾನುವಲ್ ಗೇರು, ಎಂಜಿನ್ ಮುಂದೆ, ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಕ್ಕೆ. ತಿಂಗಳುಗಟ್ಟಲೆ ಹಿಮ ಇರುವ ಕಡೆ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಈ ಚಳಿಗಾಲದಿಂದ ಮಗಳೂ ಇದನ್ನು ಓಡಿಸುತ್ತಿದ್ದಾಳೆ. ಅವಳಿಗೆ ಕೀಲಿ ಕೊಡುವ ಮುಂಚೆ ಏನೇನು ಹೇಳಿಕೊಟ್ಟೆನೋ ಅದನ್ನೇ ನಿಮ್ಮ ಓದುಗರಿಗೂ ಹೇಳುತ್ತೇನೆ.

ಫೋರ್ ವೀಲ್ ಡ್ರೈವ್ ಸಹಾಯ ಮಾಡುವುದು ಕಾರು ಹೊರಡುವಾಗ, ಏರು ಹತ್ತುವಾಗ. ಅಲ್ಲಿ ಅದು ನಿಜವಾಗಿಯೂ ಮುಂದು, ನಾನು ಒಪ್ಪುತ್ತೇನೆ. ಆದರೆ ನಿಲ್ಲಿಸುವಾಗ? ಬ್ರೇಕು ಎಲ್ಲಾ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ. ಹಾಗಾಗಿ ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಕಾರು ಸುಮಾರು 12-13 ಮೀಟರಿನಲ್ಲಿ ನಿಲ್ಲುತ್ತದೆ. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಹಿಡಿತ ನಾಲ್ಕನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆಗ ಬೇಕಾಗುವುದು ಸುಮಾರು 50 ಮೀಟರ್. ನುಣುಪಾದ ಐಸ್ ಮೇಲೆ ನೂರು ಮೀಟರ್ ಹತ್ತಿರ. ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡ್ ತಡವಾದರೂ ಅಷ್ಟರಲ್ಲಿ ಕಾರು ಇನ್ನೂ 14 ಮೀಟರ್ ಮುಂದೆ ಹೋಗಿರುತ್ತದೆ. ಫೋರ್ ವೀಲ್ ಡ್ರೈವ್‌ನವರು ಸಲೀಸಾಗಿ ವೇಗ ಹಿಡಿಯುತ್ತಾರೆ. ರಸ್ತೆ ಎಷ್ಟು ಜಾರುತ್ತಿದೆ ಅಂತ ಅವರಿಗೆ ಮೊದಲು ಗೊತ್ತಾಗುವುದು ಬ್ರೇಕ್ ಒತ್ತಿದಾಗ. ನನ್ನ ಕಾರು ಹೊರಡುವಾಗಲೇ ಹಿಂದಿನ ಚಕ್ರ ಸ್ವಲ್ಪ ಸುತ್ತಿ ಹೇಳಿಬಿಡುತ್ತದೆ. ಆ ಸೂಚನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಹಾಗಾದರೆ ಎಲ್ಲಾ ಎಲ್ಲಿ ನಿರ್ಧಾರವಾಗುತ್ತದೆ? ಟೈರಿನಲ್ಲಿ. ಲೇಖನದಲ್ಲಿ ಟೈರಿಗೆ ಸಿಕ್ಕಿದ್ದು ಒಂದೇ ಸಾಲು.

ಸ್ಪೋರ್ಟ್ಸ್ ಕಾರುಗಳು ಸಾಮಾನ್ಯವಾಗಿ ಕಾರ್ಖಾನೆಯಿಂದ ಬರುವುದೇ ಬೇಸಿಗೆ ಟೈರಿನಲ್ಲಿ. ಅದರ ರಬ್ಬರು ಬಿಸಿ ರಸ್ತೆಗೆ ಮಾಡಿದ್ದು. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಗಟ್ಟಿಯಾಗತೊಡಗುತ್ತದೆ. ಹಿಮವೇ ಬೇಕಿಲ್ಲ, ಬರೀ ಚಳಿ ಸಾಕು. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಗುಬ್ಬುಗಳ ಮೇಲೆ ಕೂದಲೆಳೆಯಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಹಿಮವನ್ನು ಕಚ್ಚುವುದು ಅವೇ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಅನ್ನುವ ಅಕ್ಷರ ಇದ್ದರೆ ಸಾಲದು, ಅದನ್ನು ತಯಾರಕರು ಪರೀಕ್ಷೆ ಇಲ್ಲದೆಯೂ ಹಾಕಬಹುದು. ಹಾಗೇ ನಾಲ್ಕು ಅಂಕಿಯ ತಾರೀಕನ್ನೂ ಓದಿಕೊಳ್ಳಿ. 3523 ಅಂದರೆ 2023ರ 35ನೇ ವಾರ ತಯಾರಾದದ್ದು. ಹಳೆಯದಾದಷ್ಟೂ ರಬ್ಬರು ಗಡುಸಾಗುತ್ತದೆ, ಗಾಡಿ ಓಡದೆ ನಿಂತಿದ್ದರೂ ಅಷ್ಟೇ. ಯುರೋಪಿನ ಸಾಮಾನ್ಯ ಕಾನೂನು ಟೈರಿನ ಗೆರೆಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಬಳಸಲು ಬಿಡುತ್ತದೆ. ಹಿಮದಲ್ಲಿ 4 ಮಿ.ಮೀ.ಗಿಂತ ಕಡಿಮೆಯಾದರೆ ನಾನಂತೂ ಬದಲಾಯಿಸುತ್ತೇನೆ.

ರಿಯರ್ ವೀಲ್ ಡ್ರೈವ್ ಕಾರಿನವರು ಕೆಲವರು ಒಂದು ಉಳಿತಾಯ ಮಾಡುತ್ತಾರೆ. ಶಕ್ತಿ ಹಿಂದಕ್ಕೆ ತಾನೇ ಹೋಗುವುದು ಅಂತ ಹಿಂದಿನ ಎರಡಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಟೈರೇ ಮಾಡುತ್ತದೆ. ತಿರುಗಿಸುವುದೂ ಅದೇ. ಕಾರು ಚೆನ್ನಾಗಿ ಹೊರಡುತ್ತದೆ, ಆಮೇಲೆ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ನೇರ ಹೋಗುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಿ.

ಅಗಲದ ವಿಷಯವೂ ಇದೆ. ನನ್ನ ಕಾರಿನಲ್ಲಿ ಬೇಸಿಗೆಗೆ 17 ಇಂಚಿನ ರಿಮ್ಮಿನ ಮೇಲೆ 205 ಮಿ.ಮೀ. ಅಗಲದ ಟೈರು. ಚಳಿಗಾಲಕ್ಕೆ 16 ಇಂಚು, 195 ಅಗಲ. ಎರಡೂ ಈ ಕಾರಿಗೆ ಕಂಪನಿಯೇ ಕೊಡುವ ಅಳತೆಗಳು. ಕಡಿಮೆ ಅಗಲದ ಟೈರು ಹಸಿ ಹಿಮವನ್ನು ಸೀಳಿಕೊಂಡು ನೆಲಕ್ಕೆ ಇಳಿಯುತ್ತದೆ, ಅಗಲದ್ದು ಮೇಲೇ ತೇಲುತ್ತದೆ. ರಿಮ್ ಚಿಕ್ಕದಾದರೆ ಪಕ್ಕದ ರಬ್ಬರು ಎತ್ತರವಾಗುತ್ತದೆ, ಹಿಮದಡಿ ಅಡಗಿದ ಗುಂಡಿಗೆ ಬಿದ್ದಾಗ ರಿಮ್ ಉಳಿಯುತ್ತದೆ. ದೊಡ್ಡ ಬ್ರೇಕಿನ ಕಾರುಗಳಿಗೆ ಚಿಕ್ಕ ರಿಮ್ ಕೂರುವುದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಬೇಕು. ಟೈರಿನ ಗಾಳಿಯನ್ನೂ ಚಳಿ ಬಿದ್ದ ಮೇಲೆ ಮತ್ತೆ ನೋಡಿ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದು ಪಿಎಸ್ಐ (ಒತ್ತಡದ ಅಳತೆ) ಕಡಿಮೆಯಾಗುತ್ತದೆ.

ಇನ್ನು ಓಡಿಸುವ ವಿಷಯ. ಟೈರಿನ ಹಿಡಿತವನ್ನು ಒಂದು ಕೊಡ ನೀರು ಅಂದುಕೊಳ್ಳಿ ಎಂದು ಮಗಳಿಗೆ ಹೇಳಿದೆ. ಬ್ರೇಕಿಗೆ, ತಿರುವಿಗೆ, ವೇಗ ಹೆಚ್ಚಿಸುವುದಕ್ಕೆ ಎಲ್ಲಕ್ಕೂ ಅದರಿಂದಲೇ ತೆಗೆಯಬೇಕು. ಬೇಸಿಗೆಯಲ್ಲಿ ಕೊಡ ತುಂಬಿರುತ್ತದೆ, ಎರಡು ಕೆಲಸ ಒಟ್ಟಿಗೆ ನಡೆಯುತ್ತದೆ. ಐಸ್ ಮೇಲೆ ತಳದಲ್ಲಿ ಒಂದಿಷ್ಟು ಮಾತ್ರ. ಆದ್ದರಿಂದ ಒಂದು ಸಲಕ್ಕೆ ಒಂದೇ ಕೆಲಸ. ನೇರ ಇರುವಾಗಲೇ ವೇಗ ಇಳಿಸು, ಬ್ರೇಕ್ ಬಿಡು, ಆಮೇಲೆ ತಿರುಗಿಸು, ಕಾರು ನೇರವಾದ ಮೇಲೆ ಆಕ್ಸಿಲರೇಟರ್ ಒತ್ತು.

ಹೊರಡುವಾಗ ಎರಡನೇ ಗೇರು, ಕ್ಲಚ್ ನಿಧಾನ. ಆಟೊಮ್ಯಾಟಿಕ್‌ನಲ್ಲಿ ಸ್ನೋ ಮೋಡ್ ಇದ್ದರೆ ಅದನ್ನೇ ಹಾಕಿ. ನಿಮ್ಮ ಕಾರಿನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವಾಗ ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಭಾಗ) ಇದ್ದರೆ ಇನ್ನೊಂದು ಎಚ್ಚರಿಕೆ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಒಂದು ಚಕ್ರ ಸುಮ್ನೆ ಸುತ್ತುತ್ತದೆ, ಇನ್ನೊಂದು ನೆಲ ಹಿಡಿದಿರುತ್ತದೆ. ಲಿಮಿಟೆಡ್ ಸ್ಲಿಪ್ ಇದ್ದು ಎರಡೂ ಒಟ್ಟಿಗೆ ಸುತ್ತಿದವೆಂದರೆ, ರಸ್ತೆ ಯಾವ ಕಡೆ ಇಳಿಜಾರಿದೆಯೋ ಆ ಕಡೆಗೆ ಕಾರಿನ ಹಿಂಭಾಗ ಸರಿಯುತ್ತದೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು, ನಾನು ಮಗಳಿಗೆ ಮತ್ತೆ ಮತ್ತೆ ಹೇಳಿದ್ದು, ಎಂಜಿನ್ ಬ್ರೇಕಿಂಗ್ ವಿಷಯ. ಜಾರು ರಸ್ತೆಯಲ್ಲಿ ಬ್ರೇಕ್ ಮುಟ್ಟಬೇಡ, ಗೇರು ಇಳಿಸು ಎಂದು ಹಿರಿಯರು ಹೇಳುತ್ತಾರೆ. ಫ್ರಂಟ್ ವೀಲ್ ಡ್ರೈವ್ ಕಾರಿಗೆ ಅದು ಬೇರೆ ಮಾತು. ರಿಯರ್ ವೀಲ್ ಡ್ರೈವ್‌ನಲ್ಲಿ ಎಂಜಿನ್ನಿನ ತಡೆಯೆಲ್ಲ ಹಿಂದಿನ ಎರಡು ಚಕ್ರದ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಭಾರ ಮುಂದಕ್ಕೆ ವಾಲಿ ಆ ಚಕ್ರಗಳು ಹಗುರಾಗಿರುತ್ತವೆ. ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ತಟ್ಟನೆ ಬಿಟ್ಟರೆ, ತಿರುವಿನ ನಡುವೆ ಹ್ಯಾಂಡ್ ಬ್ರೇಕ್ ಎಳೆದಷ್ಟೇ ಕೆಟ್ಟ ಪರಿಣಾಮ. ಆಕ್ಸಿಲರೇಟರಿನಿಂದ ಗಾಬರಿಯಲ್ಲಿ ಕಾಲು ಪೂರ್ತಿ ತೆಗೆದರೂ ಹಿಂಭಾಗ ಬಿಟ್ಟುಹೋಗಬಹುದು. ಆದ್ದರಿಂದ ದೊಡ್ಡ ಗೇರಿನಲ್ಲೇ ಇರಿ, ಕಾಲು ಮೆಲ್ಲಗೆ ತೆಗೆಯಿರಿ, ಇಳಿಸಲೇಬೇಕಾದರೆ ಎಂಜಿನ್ ಸುತ್ತು ಸ್ವಲ್ಪ ಏರಿಸಿ ಕ್ಲಚ್ ಬಿಡಿ. ಹಿಂಭಾಗ ಸರಿಯಿತು ಅನ್ನಿಸಿದ ಕ್ಷಣವೇ ಕ್ಲಚ್ ಒತ್ತಿ, ಚಕ್ರಗಳು ತಮ್ಮ ಪಾಡಿಗೆ ಉರುಳಲಿ. ಹಿಂದಿನ ಚಕ್ರಕ್ಕೆ ಮೋಟಾರ್ ಇರುವ ಎಲೆಕ್ಟ್ರಿಕ್ ಕಾರುಗಳಲ್ಲೂ ಇದೇ ಕಥೆ. ಕಾಲು ತೆಗೆದೊಡನೆ ಮೋಟಾರು ಜೋರಾಗಿ ತಡೆಯುವ ಹಾಗೆ ಇಟ್ಟುಕೊಂಡಿದ್ದರೆ ಹಿಮದಲ್ಲಿ ಅದನ್ನು ಕಡಿಮೆ ಮಾಡಿ.

ಜಾರಿದಾಗ ಏನು ಮಾಡಬೇಕು ಅನ್ನುವುದು ಓದಿ ಬರುವುದಿಲ್ಲ. ಕಂಬ, ಕಟ್ಟೆ, ಜನ ಇಲ್ಲದ ದೊಡ್ಡ ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಜಾಗದವರ ಒಪ್ಪಿಗೆ ತೆಗೆದುಕೊಂಡು, 20-25 ಕಿ.ಮೀ. ವೇಗದಲ್ಲಿ ಅಭ್ಯಾಸ ಮಾಡಿ. ಮಗಳಿಗೆ ಮೊದಲು ಮಾಡಿಸಿದ್ದು ಜೋರಾಗಿ ಬ್ರೇಕ್ ಒತ್ತುವುದು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ಗಡಗಡ ಅನ್ನುತ್ತದೆ. ಗೊತ್ತಿಲ್ಲದವರು ಹೆದರಿ ಕಾಲೆತ್ತುತ್ತಾರೆ. ಎತ್ತಬಾರದು. ಆಮೇಲೆ ಹಿಂಭಾಗ ಜಾರಿಸುವುದು. ಹಿಂಭಾಗ ಬಲಕ್ಕೆ ಹೋದರೆ ಸ್ಟೀರಿಂಗ್ ಬಲಕ್ಕೆ. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲೆ, ಏಕೆಂದರೆ ಕೈ ಕಣ್ಣಿನ ಹಿಂದೆ ಹೋಗುತ್ತದೆ. ನೋಡುವುದು ಗೋಡೆಯಾದರೆ ಕಾರೂ ಗೋಡೆಯ ಕಡೆಗೇ. ಮಗಳಿಗೆ ಕಷ್ಟವಾಗಿದ್ದು ವಾಪಸ್ ತರುವುದು. ಕಾರು ನೇರವಾಗತೊಡಗಿದ ಕೂಡಲೇ ಸ್ಟೀರಿಂಗ್ ಹಿಂದಿರುಗಿಸಬೇಕು. ತಡವಾದರೆ ಹಿಂಭಾಗ ಇನ್ನೊಂದು ಕಡೆಗೆ ಬೀಸುತ್ತದೆ. ಎರಡನೇ ಬೀಸು ಮೊದಲನೆಯದಕ್ಕಿಂತ ಜೋರಾಗಿರುತ್ತದೆ. ಅವಳ ಕೈಗೆ ಅದು ಕೂರುವವರೆಗೆ ನಾನು ರಸ್ತೆಗೆ ಬಿಡಲಿಲ್ಲ.

ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿ ಹಿಮದಲ್ಲಿ ಮಜಾ ಮಾಡುವ ವಿಡಿಯೊಗಳನ್ನು ಹುಡುಗರು ಜಾಸ್ತಿ ನೋಡುತ್ತಾರೆ. 1995ರಲ್ಲಿ ಮರ್ಸಿಡಿಸ್-ಬೆಂಜ್ ಮತ್ತು ಬಾಷ್ ಸೇರಿ ಇದನ್ನು ರಸ್ತೆಯ ಕಾರಿಗೆ ತಂದಾಗಿನಿಂದ ಎಷ್ಟೋ ಜೀವ ಉಳಿದಿದೆ. ಜಾರತೊಡಗಿದ ಕಾರಿನ ಒಂದೇ ಒಂದು ಚಕ್ರಕ್ಕೆ ಬೇಕಾದಷ್ಟು ಬ್ರೇಕ್ ಹಾಕಿ ಅದು ಕಾರನ್ನು ಎಳೆದು ತರುತ್ತದೆ. ಯಾವ ಡ್ರೈವರಿಗೂ ಅದು ಆಗದ ಕೆಲಸ, ನಮಗಿರುವುದು ಒಂದೇ ಬ್ರೇಕ್ ಪೆಡಲ್ ಅಲ್ವಾ? ದಪ್ಪ ಹಿಮದಲ್ಲಿ ಸಿಕ್ಕಿಕೊಂಡು ಹೊರಬರಲು ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ನೆ ಸುತ್ತದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬೇಕಾಗಬಹುದು. ಹೊರಬಂದ ತಕ್ಷಣ ಮತ್ತೆ ಆನ್ ಮಾಡಿ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲವೇ ಇಲ್ಲ. ಅಂಥ ಕಾರನ್ನು ಹೊಸಬರ ಕೈಗೆ ಐಸ್ ಮೇಲೆ ಕೊಡಬೇಡಿ ಅಂತಲೇ ನಾನು ಹೇಳುವುದು.

ಡಿಕ್ಕಿಯಲ್ಲಿ ಮರಳು ಮೂಟೆ ಇಡಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ಹೊರಡುವಾಗ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ಹಿಂದಿನ ಚಕ್ರಗಳ ಆಕ್ಸಲ್‌ನಿಂದ ಆಚೆ ಇಟ್ಟ ಭಾರ ಹಿಂಭಾಗ ಬೀಸುವಾಗ ಇನ್ನೂ ಜೋರಾಗಿ ಬೀಸುತ್ತದೆ. ನನ್ನ ಕಾರಿನ ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ. ಅದಕ್ಕೆ ಮೂಟೆ ಬೇಡ, ಪೆಟ್ರೋಲ್ ಟ್ಯಾಂಕು ತುಂಬಿಟ್ಟುಕೊಳ್ಳುತ್ತೇನೆ. ಪೋರ್ಷ 911ರಂತೆ ಎಂಜಿನ್ ಹಿಂದೆ ಇರುವ ಕಾರಿಗೆ ಹೊರಡುವ ಚಿಂತೆ ಕಡಿಮೆ, ಮೂತಿ ಹಗುರವಾದ್ದರಿಂದ ತಿರುವಿಗೆ ಇಳಿಯುವಾಗ ಜಾಸ್ತಿ ನಿಧಾನ ಬೇಕು.

ಸೇತುವೆ ಬಂದರೆ ಕಾಲು ಹಗುರ ಮಾಡಿ. ಅದರ ಕೆಳಗೂ ತಣ್ಣನೆಯ ಗಾಳಿ ಓಡುವುದರಿಂದ ಉಳಿದ ರಸ್ತೆ ಒದ್ದೆಯಾಗಿ ಮಾತ್ರ ಇರುವಾಗ ಸೇತುವೆ ಹೆಪ್ಪುಗಟ್ಟಿರುತ್ತದೆ. ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಹೊರಗೆ ತೆಗೆಯಬಾರದ ದಿನಗಳಿವೆ. ನನ್ನ ಕಾರಿನ ಹೊಟ್ಟೆ ನೆಲದಿಂದ 15 ಸೆಂ.ಮೀ.ಗೂ ಕಡಿಮೆ ಎತ್ತರದಲ್ಲಿದೆ. ರಾತ್ರಿ ಅದಕ್ಕಿಂತ ಜಾಸ್ತಿ ಹಿಮ ಬಿದ್ದು ರಸ್ತೆ ಇನ್ನೂ ಬಳಿದಿಲ್ಲ ಅಂದರೆ, ಹಿಮ ಕಾರಿನಡಿ ತುಂಬಿ ಚಕ್ರಗಳನ್ನೇ ಮೇಲೆತ್ತುತ್ತದೆ. ಆಗ ಟೈರು, ಕೌಶಲ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಆವತ್ತು ನಾನೂ ಮಗಳೂ ಬಸ್ಸು ಹಿಡಿಯುತ್ತೇವೆ.

ನಿಮ್ಮಲ್ಲಿ ಎರಡು ಕೋರಿಕೆ. ಕಾರಿನ ವಿಮರ್ಶೆ ಬರೆಯುವಾಗ ಅಶ್ವಶಕ್ತಿಯ ಜೊತೆಗೆ ಅದು ಯಾವ ಟೈರಿನ ಮೇಲೆ ನಿಂತಿತ್ತು ಎಂದೂ ಬರೆಯಿರಿ. ಹಿಮ ಬೀಳುವ ಊರುಗಳಲ್ಲಿ ಕೂತು ನಿಮ್ಮ ಪತ್ರಿಕೆ ಓದುವ ಕನ್ನಡಿಗರು ಬಹಳ ಜನ ಇದ್ದಾರೆ. ಅವರಿಗಾಗಿ ಆ ಬೆಟ್ಟ ಮತ್ತು ಹಿಮದ ಹರಳಿನ ಗುರುತನ್ನು ಚಳಿ ಶುರುವಾಗುವ ಮುಂಚೆ ಒಮ್ಮೆ ದೊಡ್ಡದಾಗಿ ಅಚ್ಚು ಹಾಕಿ. ಫೋರ್ ವೀಲ್ ಡ್ರೈವ್ ಇದ್ದರೆ ಚಿಂತೆಯಿಲ್ಲ ಎಂಬ ಆ ಸಾಲನ್ನು ಮುಂದಿನ ವಾಹನ ಪುಟದಲ್ಲೇ ತಿದ್ದಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು