ಎರಡು ಆಫರ್ ಲೆಟರ್ ನೋಡಿದ ಮೇಲೆ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟಿ,

ನಾನಿಲ್ಲಿ ಕ್ಷೇಮ. ಪುಟ್ಟಿಗೆ ಕೋಪೈಲಟ್ ಕೆಲಸಕ್ಕೆ ವಿಮಾನ ಕಂಪನಿಗಳಿಂದ ಬಂದ, ಅವಳು ಕಳಿಸಿದ ಎರಡೂ ಆಫರ್ ಓದಿದೆ. ಅಪ್ಪನ ಕಣ್ಣು ಸಂಬಳದ ಮೇಲೆ, ಅಮ್ಮನ ಕಣ್ಣು ದೂರದ ಮೇಲೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ: ಆ ಕಂಪನಿಯಲ್ಲಿ ಕೋಪೈಲಟ್ ಒಬ್ಬಳು "ಬೇಡ" ಅಂದರೆ ಮಾರನೇ ದಿನ ಅವಳಿಗೆ ಏನಾಗುತ್ತದೆ?

ಮೊದಲು ದುಡ್ಡಿನ ಮಾತು ಮುಗಿಸೋಣ. ಪುಟ್ಟಿ, ಹಣ ಬ್ಲಾಕ್ ಗಂಟೆಗೋ ಡ್ಯೂಟಿ ಗಂಟೆಗೋ ನೋಡು. ಬ್ಲಾಕ್ ಅಂದರೆ, ಅಮ್ಮಾ, ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಇನ್ನೊಂದು ಕಡೆ ಹೋಗಿ ನಿಲ್ಲುವವರೆಗಿನ ಹೊತ್ತು. ತಲಾ 1 ಗಂಟೆ 10 ನಿಮಿಷದ ನಾಲ್ಕು ಸೆಕ್ಟರ್, ಅಂದರೆ ಒಂದೂರಿಂದ ಇನ್ನೊಂದೂರಿಗೆ ನಾಲ್ಕು ಹಾರಾಟ, ಹಾರಿದರೆ ಬ್ಲಾಕ್ 4 ಗಂಟೆ 40 ನಿಮಿಷ. ಶುರುವಿನ ರಿಪೋರ್ಟಿಂಗ್ 1 ಗಂಟೆ, ನಡುವೆ ವಿಮಾನವನ್ನು ಮುಂದಿನ ಹಾರಾಟಕ್ಕೆ ಸಜ್ಜು ಮಾಡುವ 40 ನಿಮಿಷದ ಮೂರು ಟರ್ನ್‌ಅರೌಂಡ್, ಕೊನೆಗೆ ಅರ್ಧ ಗಂಟೆ ಸೇರಿಸು: ಡ್ಯೂಟಿ 8 ಗಂಟೆ 10 ನಿಮಿಷ. ಹಣ ಬ್ಲಾಕ್ ಗಂಟೆಗಷ್ಟೇ ಆದರೆ ಹೆಚ್ಚುಕಮ್ಮಿ ಅರ್ಧ ದಿನದ ದುಡಿಮೆಗೆ ಕೂಲಿಯೇ ಇಲ್ಲ. ತಿಂಗಳ ಗ್ಯಾರಂಟಿ ಗಂಟೆ, ಅಂದರೆ ಹಾರಿದರೂ ಹಾರದಿದ್ದರೂ ಹಣ ಕೊಡುವ ಗಂಟೆ, ಎಷ್ಟೆಂದೂ ಕೇಳು. ವಿಮಾನ ರಿಪೇರಿಗೆ ನಿಂತ ತಿಂಗಳು ಕೈಗೆ ಬರುವುದು ಅಷ್ಟೇ.

ಸೀನಿಯಾರಿಟಿ ನಂಬರ್, ಅಂದರೆ ಕಂಪನಿಯ ಪೈಲಟ್‌ಗಳ ಹಿರಿತನದ ಪಟ್ಟಿಯಲ್ಲಿನ ಜಾಗ, ನಿನ್ನ ಜೊತೆ ಹೊಸ ಕಂಪನಿಗೆ ಬರುವುದಿಲ್ಲ. ಲಾಗ್‌ಬುಕ್‌ನಲ್ಲಿ 4000 ಗಂಟೆ ಇದ್ದರೂ ಅಲ್ಲಿ ಪಟ್ಟಿಯ ಬಾಲದಲ್ಲೇ ಜಾಗ. "ಮೂರು ವರ್ಷಕ್ಕೆ ಕಮಾಂಡ್", ಅಂದರೆ ಕ್ಯಾಪ್ಟನ್ ಪಟ್ಟ, ಅನ್ನುವವರನ್ನು, ಈ ವರ್ಷ ಕಮಾಂಡ್ ಸಿಕ್ಕವರು ಯಾವ ವರ್ಷ ಸೇರಿದವರು ಅಂತ ಕೇಳು. ಉತ್ತರ ಅದರಲ್ಲಿದೆ, ವಿಮಾನಗಳ ಆರ್ಡರ್ ಪಟ್ಟಿಯಲ್ಲಲ್ಲ. 2023ರಲ್ಲಿ ಪ್ರ್ಯಾಟ್ ಆ್ಯಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ಇಂಜಿನ್‌ಗಳಲ್ಲಿ ಲೋಹದ ಪುಡಿಯ ದೋಷ ಹೊರಬಿದ್ದ ಮೇಲೆ ಎಷ್ಟೋ ಏರ್‌ಬಸ್ ಎ320ನಿಯೋ ವಿಮಾನಗಳು ತಪಾಸಣೆಗೆ ಕಾದು ನೆಲಕ್ಕೆ ಕೂತವು. ಹಾರದ ವಿಮಾನಕ್ಕೆ ಹೊಸ ಕ್ಯಾಪ್ಟನ್ ಯಾಕೆ ಬೇಕು?

ವೈಡ್‌ಬಾಡಿ (ದೂರ ಹಾರುವ ದೊಡ್ಡ ವಿಮಾನ) ಮೋಹ ಇದ್ದರೆ ಒಂದು ಮಾತು. ನಾಲ್ವರು ಪೈಲಟ್‌ಗಳ ದೂರದ ಹಾರಾಟದಲ್ಲಿ ನಿನ್ನ ಪಾಲಿಗೆ ಬರುವ ಲ್ಯಾಂಡಿಂಗ್ ಬೆರಳೆಣಿಕೆಯಷ್ಟು. ನಿಯಮ ಕೇಳುವ 90 ದಿನಕ್ಕೆ 3 ಟೇಕಾಫ್, 3 ಲ್ಯಾಂಡಿಂಗ್ ತುಂಬಿಸಲು ಸಿಮ್ಯುಲೇಟರ್‌ಗೆ ಹೋಗುವವರಿದ್ದಾರೆ. ಕೈ ಪಳಗಬೇಕಾದ ವಯಸ್ಸಿನಲ್ಲಿ ಅದು ನಷ್ಟವೇ.

ಈಗ "ಬೇಡ"ದ ವಿಷಯ. ಲ್ಯಾಂಡಿಂಗ್‌ಗೆ 1000 ಅಡಿಗೆ ಇಳಿದಿದ್ದೀರಿ. ವೇಗ 20 ನಾಟ್ ಹೆಚ್ಚಿದೆ, ರೆಕ್ಕೆಯ ಫ್ಲಾಪ್ ಪೂರ್ತಿ ಇಳಿದಿಲ್ಲ, ಇಂಜಿನ್ ಇನ್ನೂ ಐಡಲ್‌ನಲ್ಲಿದೆ. ಕ್ಯಾಪ್ಟನ್ ಹಾರಿಸುತ್ತಿದ್ದಾನೆ. "ಅನ್‌ಸ್ಟೇಬಲ್, ಗೋ ಅರೌಂಡ್", ಅಂದರೆ ಸ್ಥಿತಿ ಸರಿಯಿಲ್ಲ, ಇಳಿಯುವುದು ಬಿಟ್ಟು ಮತ್ತೆ ಮೇಲೇರು, ಅನ್ನಬೇಕಾದವಳು ನೀನು. ಬಾಯಿ ತೆರೆಯುವ ಮುಂಚೆ ನೀನು ಅಳುಕುವ ಆ ಎರಡು ಸೆಕೆಂಡನ್ನೇ ನಾನು ಕಂಪನಿಯ ಸಂಸ್ಕೃತಿ ಅನ್ನುವುದು. ಗೋ ಅರೌಂಡ್ ಮಾಡಿದವರು ಒಂದು ರಿಪೋರ್ಟ್ ಬರೆದು ಮನೆಗೆ ಹೋಗುವ ಕಡೆ ಅಳುಕು ಇರುವುದಿಲ್ಲ. ಇಂಧನ ಖರ್ಚಿಗೆ ಸಮಜಾಯಿಷಿ ಕೊಡಲು ಆಫೀಸಿಗೆ ಕರೆಸುವ ಕಡೆ ಇದ್ದೇ ಇರುತ್ತದೆ. ಹಿರಿಯರೆದುರಿನ ಆ ಅಳುಕಿನ ಬೆಲೆ ನೋಡು: 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ದ್ವೀಪ ಟೆನೆರಿಫ್‌ನಲ್ಲಿ ಮಂಜಿನ ನಡುವೆ ಟೇಕಾಫ್ ಶುರುಮಾಡಿದ ಡಚ್ ಕಂಪನಿ ಕೆಎಲ್ಎಂನ ಕ್ಯಾಪ್ಟನ್, ಆ ಕಂಪನಿಯ 747 ತರಬೇತುದಾರರಲ್ಲಿ ಹಿರಿಯ. ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಇಂಜಿನಿಯರ್ ಕೇಳಿಯೂ ಕೇಳಿದ. ಕ್ಯಾಪ್ಟನ್ ಬಿಟ್ಟಿದೆ ಅಂದುಬಿಟ್ಟ. ಮತ್ತೊಮ್ಮೆ ಯಾರೂ ಕೇಳಲಿಲ್ಲ. ಸತ್ತವರು 583 ಜನ.

ಇದನ್ನು ಎಚ್‌ಆರ್ ಬಳಿ ಕೇಳಿ ಪ್ರಯೋಜನವಿಲ್ಲ, ಅವರ ಬಾಯಲ್ಲಿ ಎಲ್ಲವೂ "ಜಸ್ಟ್ ಕಲ್ಚರ್", ಪ್ರಾಮಾಣಿಕವಾಗಿ ತಪ್ಪು ಹೇಳಿಕೊಂಡವರನ್ನು ದಂಡಿಸದ ರೀತಿ. ಅಲ್ಲಿ ಹಾರುತ್ತಿರುವ ಇಬ್ಬರು ಮೂವರು ಕೋಪೈಲಟ್‌ಗಳನ್ನು ಹಿಡಿ. ಸುಸ್ತಾಗಿದೆ ಅಂತ ಫಟೀಗ್ ರಿಪೋರ್ಟ್ ಕೊಟ್ಟರೆ ಅದು ಸಿಕ್ ಲೀವ್‌ಗೆ ಹೋಗುತ್ತದೋ, ಸಂಬಳ ಕಡಿತವಾಗುತ್ತದೋ? ಹೆಚ್ಚುವರಿ ಇಂಧನ ಹಾಕಿಸಿದ ಕ್ಯಾಪ್ಟನ್‌ಗಳ ಪಟ್ಟಿ ಗೋಡೆಗೆ ಬೀಳುತ್ತದೋ? ಫ್ಲೈಟ್ ಡೇಟಾ (ವಿಮಾನದಲ್ಲಿ ದಾಖಲಾಗುವ ಹಾರಾಟದ ವಿವರ) ನೋಡುವವರು ಹೆಸರು ಮರೆಮಾಡಿ ನೋಡುತ್ತಾರೋ, ನೇರ ಫ್ಲೀಟ್ ಮ್ಯಾನೇಜರ್ ಮೇಜಿಗೆ ಹೋಗುತ್ತದೋ?

ಮಾತಿಗಿಂತ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ನಿಜ ಹೇಳುತ್ತದೆ. ಪ್ರಕಟವಾದ ಮೂರು ತಿಂಗಳ ರೋಸ್ಟರ್, ನಿಜಕ್ಕೂ ಹಾರಿದ ರೋಸ್ಟರ್ ಎರಡನ್ನೂ ಕೇಳಿ ಪಡೆದು ಪಕ್ಕಪಕ್ಕ ಇಡು. ಬದಲಾದ ದಿನಕ್ಕೆ ಕೆಂಪು ಗೀಟು ಎಳೆ. ಕಳೆದುಹೋದ ಆಫ್ ದಿನ ಎಷ್ಟು, ರಾತ್ರಿ 2ರಿಂದ ಬೆಳಗಿನ 6ರೊಳಗೆ ಬಿದ್ದ ಡ್ಯೂಟಿ ಎಷ್ಟು, ಅವು ಸಾಲಾಗಿ ಬಿದ್ದಿವೆಯೋ ಎಣಿಸು. ನಿಯಮದ ಗಂಟೆ ಮೀರದೆಯೂ ಮನುಷ್ಯರನ್ನು ಹಿಂಡಿ ಹಿಪ್ಪೆ ಮಾಡಬಹುದು.

ಬಾಂಡ್, ಅಂದರೆ ಬೇಗ ಬಿಟ್ಟರೆ ಹಣ ಕಟ್ಟಬೇಕೆಂಬ ಕರಾರು, ತಿಂಗಳು ತಿಂಗಳು ಕರಗುತ್ತದೋ ವರ್ಷಕ್ಕೊಮ್ಮೆಯೋ, ಅವರೇ ನಿನ್ನನ್ನು ತೆಗೆದರೆ ಯಾರ ತಲೆಗೆ ಅನ್ನುವುದು ಬರಹದಲ್ಲಿರಲಿ. ಸೇರುವ ದಿನಾಂಕ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಅದಕ್ಕೂ ಮುಂಚೆ ಲಾಗ್‌ಬುಕ್‌ಗೆ ಈಗಿನ ಕಂಪನಿಯ ಸೀಲು ಹಾಕಿಸಿಕೊಂಡು, ಕಳೆದ ಎರಡು ಸಿಮ್ಯುಲೇಟರ್ ಚೆಕ್‌ಗಳ ಪ್ರತಿ, ಅಪಘಾತ ರಹಿತ ಸೇವೆಯ ಪತ್ರ ತೆಗೆದಿಟ್ಟುಕೋ. ಬಿಟ್ಟುಹೋದವರ ಫೈಲು ಹುಡುಕುವ ಉತ್ಸಾಹ ಯಾವ ಆಫೀಸಿಗೂ ಇರುವುದಿಲ್ಲ.

ಅಪ್ಪಾ, ರೋಸ್ಟರ್ ಸಿಗುವವರೆಗೆ ಅವಳನ್ನು ಅವಸರ ಮಾಡಬೇಡಿ. ಪುಟ್ಟಿ, ಕೆಂಪು ಗೀಟು ಎಳೆದದ್ದರ ಫೋಟೋ ಕಳಿಸು.

ಇಂತಿ ನಿಮ್ಮ,
ದೊಡ್ಡವನು