ಎಕ್ಕಿ ಗಿಡ ಕೀಳಬೇಡಿ, ಪಾಠ ಅದರಲ್ಲೇ ಇದೆ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವುದೆಂದರೆ ನಮ್ಮ ಶಾಲೆಗಳಲ್ಲಿ ಅರವತ್ತು ಮಕ್ಕಳ ಸಾಲು, ಒಂದು ಸೀಟಿ, ಕೊನೆಗೊಂದು ಗ್ರೂಪ್ ಫೋಟೊ. ವರ್ಷಕ್ಕೊಮ್ಮೆ ಹೀಗೆ ಹೋಗಿ ಬಂದರೆ ಏನೂ ಕಾಣುವುದಿಲ್ಲ. ಕಲಬುರಗಿಯ ಪಬ್ಲಿಕ್ ಗಾರ್ಡನ್ ಇರಲಿ, ಬಡಾವಣೆಯ ಪುಟ್ಟ ಪಾರ್ಕ್ ಇರಲಿ, ಒಬ್ಬ ಶಿಕ್ಷಕರ ಜೊತೆ 10–12 ಮಕ್ಕಳು, ಅದೇ ಗಿಡದ ಹತ್ತಿರ ವಾರಕ್ಕೊಮ್ಮೆ, ಒಂದು ತಿಂಗಳು ಹೋಗಬೇಕು.

ಯಾವ ಗಿಡ ಎಂದರೆ, ಬೇಲಿಪಕ್ಕದ ಎಕ್ಕಿ. ಎಲೆ ಮಗುಚಿ ನೋಡಿದರೆ ಪ್ಲೇನ್ ಟೈಗರ್ ಚಿಟ್ಟೆಯ ಬಿಳಿ ಮೊಟ್ಟೆ ಸಿಗಬಹುದು, ಒಂದೊಂದೇ ಬಿಡಿಬಿಡಿಯಾಗಿ. ಮೂರ್ನಾಲ್ಕು ದಿನಕ್ಕೆ ಮರಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಈ ಹುಳು ತಿನ್ನುವ ಮೊದಲು ಎಲೆಯಲ್ಲಿ ದುಂಡಗೆ ಗೀರು ಕೊರೆಯುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ, ಒಳಗಿನ ಭಾಗವನ್ನು ಬಾಯಿ ಅಂಟದಂತೆ ತಿನ್ನುತ್ತದೆ. ಗಿಡದ ವಿಷ ಹುಳುವಿನ ಮೈಯಲ್ಲೇ ಉಳಿದು ಚಿಟ್ಟೆಗೂ ದಾಟುವುದರಿಂದ ಹಕ್ಕಿಗಳು ಅದರ ಗೊಡವೆಗೆ ಹೋಗುವುದು ಕಡಿಮೆ. ಸುಮಾರು ಎರಡು ವಾರ ಹುಳು, ಹತ್ತು ದಿನ ಕೋಶ, ಆಮೇಲೆ ಚಿಟ್ಟೆ.

ಮಕ್ಕಳು ಹುಳುವನ್ನು ಬಾಟಲಿಗೆ ಹಾಕಿ ಮನೆಗೆ ಒಯ್ಯಲು ನೋಡುತ್ತಾರೆ, ಬಿಡಬಾರದು. ಕಿತ್ತ ಎಲೆ ಬಾಡುತ್ತದೆ, ಮುಚ್ಚಳದೊಳಗೆ ತೇವ ಕಟ್ಟಿ ಬೂಸು ಹಿಡಿಯುತ್ತದೆ, ಹುಳು ಸಾಯುತ್ತದೆ. ಎಲೆ ಮಗುಚುವುದು ಶಿಕ್ಷಕರ ಕೆಲಸವಾಗಿರಲಿ, ಯಾಕೆಂದರೆ ಎಕ್ಕಿ ಹಾಲು ಕಣ್ಣಿಗೆ ಅಪಾಯ. ಬಿದ್ದರೆ ಉಜ್ಜದೆ, ತುಂಬ ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು.

ಬೇಕಾದ ಸಾಮಾನು ಕಡಿಮೆ: 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪೆನ್ಸಿಲ್ (ಪೆನ್ನಿನ ಶಾಯಿ ಇಬ್ಬನಿಗೆ ಹರಡುತ್ತದೆ), ನಾಲ್ಕು ಮಕ್ಕಳಿಗೆ 4 ಮೀಟರ್ ಹಗ್ಗ. ಅದರ ತುದಿ ಗಂಟುಹಾಕಿ ಚೌಕ ಹಾಸಿದರೆ ಒಂದು ಚದರ ಮೀಟರ್. ಅದರೊಳಗಿನ ಹುಲ್ಲು, ಇರುವೆ, ಕಾಯಿಗಳನ್ನು 15 ನಿಮಿಷ ಎಣಿಸಲಿ. ಹೆಸರು ಗೊತ್ತಿರದಿದ್ದರೂ ಚಿತ್ರ ಬರೆದರಾಯಿತು. ಬೇಸಿಗೆಯಲ್ಲಿ ಎಂಟೂವರೆಯೊಳಗೆ ಮುಗಿಸಿ. ಆಮೇಲೆ ನಮ್ಮೂರ ಬಿಸಿಲಿಗೆ ಮಕ್ಕಳ ಲಕ್ಷ್ಯವೆಲ್ಲ ನೀರಿನ ಬಾಟಲಿಯ ಮೇಲೆ.

ಆದರೆ ಉದ್ಯಾನ ಸ್ವಚ್ಛ ಮಾಡುವಾಗ ಮೊದಲು ಕೀಳುವುದೇ ಎಕ್ಕಿ. ಉಳಿದ ಗಿಡಕ್ಕೆ ಕೀಟನಾಶಕ, ತರಗೆಲೆಗೆ ಬೆಂಕಿ. ಪಾಲಿಕೆ ಮತ್ತು ತೋಟಗಾರಿಕೆ ಇಲಾಖೆಯವರಲ್ಲಿ ಕೇಳುವುದಿಷ್ಟೇ: ಪ್ರತಿ ಪಾರ್ಕಿನಲ್ಲೂ 10×10 ಅಡಿಯ ಒಂದು ಮೂಲೆಯನ್ನು ಕತ್ತರಿಸದೆ, ಔಷಧ ಹೊಡೆಯದೆ ಬಿಡಿ. ಗುತ್ತಿಗೆ ಕಾರ್ಮಿಕರು ಕಸವೆಂದು ತಿಳಿಯದಂತೆ ಒಂದು ಬೋರ್ಡೂ ಬೇಕು. ಅದನ್ನು ಮಾತ್ರ ಪಕ್ಕದ ಬೇವಿನ ಮರಕ್ಕೆ ಮೊಳೆ ಹೊಡೆದು ಹಾಕಬೇಡಿ.

– ಇಬ್ಬರು ವಿಜ್ಞಾನ ಶಿಕ್ಷಕರು, ಕಲಬುರಗಿ