ಸಂಜೆ ಹಸಿವಿಗೆ ಮಧ್ಯಾಹ್ನದ ತಟ್ಟೆಯಲ್ಲೇ ಮದ್ದು

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ತೂಕ ಇಳಿಸಬೇಕು ಅಂತ ಕುರುಕಲು ತಿಂಡಿ ಪೂರ್ತಿ ಬಿಟ್ಟಿದ್ದೀನಿ, ಆದರೆ ಸಂಜೆ ಆದರೆ ಕೈ ತಾನಾಗೇ ಡಬ್ಬಿಗೆ ಹೋಗುತ್ತೆ ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಅದಕ್ಕೇ ಈ ಕಾಗದ. ನಾಲಿಗೆ ಚಪಲ ಅಂತ ನಿನ್ನನ್ನೇ ಬೈದುಕೊಳ್ಳಬೇಡ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಎರಡು ಚಪಾತಿ ಅಂದರೆ ಐದು ಗಂಟೆಗೆ ಯಾರಿಗಾದರೂ ಹೊಟ್ಟೆ ತಾಳ ಹಾಕುತ್ತೆ.

ಬೆಳಗಿನ ತಿಂಡಿ ತಪ್ಪಿಸಬೇಡ. ಮಧ್ಯಾಹ್ನ ಸಣ್ಣದೊಂದು ಮುದ್ದೆ ಇರಲಿ, ಜೊತೆಗೆ ಮೊಳಕೆ ಹುರುಳಿಕಾಳಿನ ಸಾರು. ಮೇಲಿನ ತಿಳಿ ಬಗ್ಗಿಸಿಕೊಂಡು ಎದ್ದುಬಿಡಬೇಡ, ಸೌಟನ್ನು ತಳಕ್ಕೆ ಬಿಟ್ಟು ಕಾಳು ಎತ್ತಿಕೊ. ಬಸ್ಸಾರು ಮಾಡಿದ ದಿನ ಬಸಿದ ಕಾಳು-ಸೊಪ್ಪಿನ ಪಲ್ಯ ಮುದ್ದೆಗಿಂತ ಜಾಸ್ತಿ ಇರಲಿ. ಕಾಳಿನ ಪ್ರೋಟೀನು ನಿಧಾನಕ್ಕೆ ಜೀರ್ಣ ಆಗುತ್ತೆ, ನಾರು ಜೀರ್ಣವನ್ನೇ ನಿಧಾನ ಮಾಡುತ್ತೆ, ಅದಕ್ಕೇ ಹಸಿವು ತಡವಾಗಿ ಬರುತ್ತೆ. ಬರೀ ಅನ್ನ-ತಿಳಿಸಾರಿಗೆ ಆ ಶಕ್ತಿ ಇಲ್ಲ.

ಸಂಜೆ ನಾಲ್ಕೂವರೆಗೆ, ಹಸಿವು ನೆತ್ತಿಗೇರುವ ಮುಂಚೆ, ಏನಾದರೂ ತಿನ್ನಲೇಬೇಕು. 30 ಗ್ರಾಂ ಹುರಿಗಡಲೆ ಸಾಕು, ಸುಮಾರು ಒಂದು ಹಿಡಿ. ಕಡ್ಲೆಪುರಿಗೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್, ನಿಂಬೆರಸ ಹಾಕಿ ಎಣ್ಣೆ ಇಲ್ಲದೆ ಚುರುಮುರಿ ಮಾಡಿಕೊಂಡರೂ ಸರಿ, ಆದರೆ ಅದಕ್ಕೂ ಈ ಹುರಿಗಡಲೆ ಬೀಳಬೇಕು, ಪುರಿ ಒಂದೇ ಆದರೆ ಹೊಟ್ಟೆಯಲ್ಲಿ ನಿಲ್ಲಲ್ಲ. ಕೋಸಂಬರಿ ಒಯ್ಯುವುದಾದರೆ ಮೂರು ಚಮಚ ಹೆಸರುಬೇಳೆ ಒಂದು ಗಂಟೆ ನೆನೆಸಿ, ಸೌತೆಕಾಯಿ ಹೆಚ್ಚಿ ಹಾಕು. ಉಪ್ಪನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ತಿನ್ನುವಾಗ ಬೆರೆಸು, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಸಂಜೆಗೆ ಪಿಚಪಿಚ ಅನ್ನುತ್ತೆ. ಕಡಲೆಬೀಜ ಒಳ್ಳೆಯದೇ, ಆದರೆ 30 ಗ್ರಾಮಿಗೇ 170 ಕ್ಯಾಲರಿ ಹತ್ತಿರ ಬರುತ್ತೆ, ಅಳೆಯದೆ ಕೈ ಹಾಕಬೇಡ.

ಇಷ್ಟಾದ ಮೇಲೂ ಏನೋ ಬೇಕು ಅನ್ನಿಸಿದರೆ ನಿನ್ನನ್ನೇ ಕೇಳಿಕೊ: ಈಗ ಮೊಸರನ್ನ ಕೊಟ್ಟರೆ ತಿನ್ನುತ್ತೀನಾ? ಹೂಂ ಅಂದರೆ ಅದು ಹಸಿವು, ತಿನ್ನು. ಮೊಸರನ್ನ ಬೇಡ, ಕೋಡುಬಳೆಯೇ ಬೇಕು ಅಂದರೆ ಅದು ಆಸೆ. ಒಂದು ಲೋಟ ನೀರು ಕುಡಿದು ಕಾಲು ಗಂಟೆ ಬೇರೆ ಕೆಲಸ ನೋಡು, ಬಹಳ ಸಲ ತಾನೇ ಇಳಿಯುತ್ತೆ. ಇಳಿಯದಿದ್ದರೆ ಎರಡು ಕೋಡುಬಳೆ ತಟ್ಟೆಗೆ ಹಾಕಿಕೊಂಡು, ಮುಚ್ಚಳ ಹಾಕಿ, ಡಬ್ಬಿ ಒಳಗಿಟ್ಟು ಬಂದು ಕೂತು ತಿನ್ನು. ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಟೀವಿ ನೋಡುತ್ತಾ ಕೂತರೆ ಎಷ್ಟು ಹೋಯಿತು ಅಂತ ಲೆಕ್ಕವೇ ಸಿಗಲ್ಲ. ಎಣ್ಣೆ, ತುಪ್ಪ ಗ್ರಾಮಿಗೆ 9 ಕ್ಯಾಲರಿ, ಸಕ್ಕರೆ 4. ಅದಕ್ಕೇ ಮದ್ದೂರು ವಡೆ, ಮೈಸೂರುಪಾಕು ಗಾತ್ರದಲ್ಲಿ ಚಿಕ್ಕದಾದರೂ ಲೆಕ್ಕದಲ್ಲಿ ದೊಡ್ಡದು. ಮೈಸೂರುಪಾಕು ಬೇಕೇ ಬೇಕು ಅಂದ ದಿನ ಊಟ ಆದ ಮೇಲೆ ಒಂದು ತುಂಡು ತಿನ್ನು. ಖಾಲಿ ಹೊಟ್ಟೆಯಲ್ಲಿ ಒಂದಕ್ಕೆ ನಿಲ್ಲಿಸುವುದು ಕಷ್ಟ.

ಮಂಡ್ಯದ ನೆಂಟರು ಬೆಲ್ಲದ ಕಾಫಿಯಿಂದ ತೂಕ ಏರಲ್ಲ ಅಂತಾರೆ, ನಂಬಬೇಡ. ತೂಕದ ವಿಷಯದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚು ವ್ಯತ್ಯಾಸವಿಲ್ಲ. ದಿನಕ್ಕೆ ನಾಲ್ಕು ಕಾಫಿ, ಲೋಟಕ್ಕೆ ಎರಡು ಟೀ ಚಮಚ ಅಂದರೆ ಸುಮಾರು 40 ಗ್ರಾಂ, 160 ಕ್ಯಾಲರಿ. ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತಾ ಬಾ. ರಾತ್ರಿ ಮೊಬೈಲ್ ಹಿಡಿದು ಒಂದು ಗಂಟೆವರೆಗೆ ಎದ್ದಿರುವುದನ್ನೂ ಬಿಡು, ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವೂ ಹೆಚ್ಚು, ಸಿಹಿ ಕಡೆ ಎಳೆತವೂ ಹೆಚ್ಚು.

ಒಂದು ದಿನ ಕೈ ಮೀರಿ ತಿಂದುಬಿಟ್ಟೆ ಅಂತ ಇಟ್ಟುಕೊ. ಅದಕ್ಕೆ ದಂಡ ಅಂತ ರಾತ್ರಿ ಊಟ ಬಿಡಬೇಡ. ಬಿಟ್ಟರೆ ಮಾರನೇ ಸಂಜೆ ಮತ್ತೆ ಅದೇ ಕಥೆ. ಯಾವಾಗಲೂ ಮಾಡುವಷ್ಟೇ ಊಟ ಮಾಡಿ ಮಲಗು. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳ ಆಯಿತು. ಮೊದಲ ವಾರ ಸಾರಿನ ಕಾಳು, ನಾಲ್ಕೂವರೆಯ ಹುರಿಗಡಲೆ ಇವೆರಡೇ ಸಾಕು, ಕಾಫಿ ಸಕ್ಕರೆಗೆ ಎರಡನೇ ವಾರ ಕೈ ಹಾಕು.

ಇಂತಿ,
ನಿನ್ನ ದೊಡ್ಡಮ್ಮ